ಬಾಣದ ವಿಷ ಆಪರೇಷನ್ ಟೇಬಲ್ಲಿಗೆ ಬಂದ ಬಗೆ

ಪಿತ್ತಕೋಶದ ಆಪರೇಷನ್ ಮಾಡಿಸಿಕೊಂಡ ಓದುಗರೊಬ್ಬರು ಕೇಳಿದ್ದಾರೆ: ‘ಅರಿವಳಿಕೆ ಎಂದರೆ ನಿದ್ದೆ ಬರಿಸುವುದು ತಾನೇ? ಮತ್ತೆ ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಿದ್ದೇಕೆ?’

ಇಂಥ ಆಪರೇಷನ್ನಿನ ಅರಿವಳಿಕೆ ಒಂದೇ ಮದ್ದಿನ ಕೆಲಸವಲ್ಲ. ಪ್ರೊಪೊಫಾಲ್ ಎಚ್ಚರ ತಪ್ಪಿಸುತ್ತದೆ, ಫೆಂಟನಿಲ್ ನೋವು ತಡೆಯುತ್ತದೆ. ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ. ಮೂರನೆಯ ಮದ್ದು ಸರ್ಜನ್‌ಗೆ ಅನುಕೂಲವಾಗಲೆಂದು ಸ್ನಾಯುಗಳನ್ನೆಲ್ಲ ಸಡಿಲಿಸುತ್ತದೆ. ಉಸಿರೆಳೆಯುವ ವಪೆಯೂ ಸ್ನಾಯುವೇ ಆದ್ದರಿಂದ ಉಸಿರು ನಿಂತೇಹೋಗುತ್ತದೆ.

ಈ ಮೂರನೆಯದರ ಮೂಲ ಕ್ಯುರಾರೆ. ದಕ್ಷಿಣ ಅಮೆರಿಕದ ಕಾಡುಜನರು ಬಾಣದ ತುದಿಗೆ ಹಚ್ಚುತ್ತಿದ್ದ, ಬಳ್ಳಿಗಳನ್ನು ಕುದಿಸಿ ತೆಗೆದ ವಿಷ. ಕರುಳು ಅದನ್ನು ಅಷ್ಟಾಗಿ ಹೀರಿಕೊಳ್ಳದ ಕಾರಣ ಬೇಟೆಯ ಮಾಂಸ ತಿಂದವರಿಗೆ ಏನೂ ಆಗುತ್ತಿರಲಿಲ್ಲ. 1814ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವಾಟರ್ಟನ್ ಮತ್ತು ಸಂಗಡಿಗರು ಒಂದು ಹೆಣ್ಣು ಕತ್ತೆಗೆ ಇದನ್ನು ಕೊಟ್ಟರು. ಅದು ಸತ್ತಂತೆ ಬಿದ್ದಾಗ ಶ್ವಾಸನಾಳಕ್ಕೆ ರಂಧ್ರ ಮಾಡಿ ತಿದಿಯೊತ್ತಿ ಗಾಳಿ ತುಂಬಿದರು. ವಿಷ ಇಳಿದ ಮೇಲೆ ಕತ್ತೆ ಎದ್ದು ನಿಂತಿತು, ಮುಂದೆ ಹಲವು ವರ್ಷ ಬದುಕಿತು. ಓದುಗರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಉಸಿರನ್ನು ನಾವು ನಡೆಸಿದರೆ ಈ ವಿಷ ಕೊಲ್ಲುವುದಿಲ್ಲ.

ಅದು ಎಲ್ಲಿ ಕೆಲಸ ಮಾಡುತ್ತದೆಂದು ತೋರಿಸಿದವರು ಫ್ರಾನ್ಸಿನ ಕ್ಲಾಡ್ ಬರ್ನಾರ್. ವಿಷ ಕೊಟ್ಟ ಕಪ್ಪೆಯ ನರವನ್ನು ಪ್ರಚೋದಿಸಿದರೆ ಕಾಲು ಅಲುಗಲಿಲ್ಲ. ಸ್ನಾಯುವನ್ನೇ ನೇರವಾಗಿ ಪ್ರಚೋದಿಸಿದರೆ ಅದು ಕುಗ್ಗಿತು. ಅಂದರೆ ತೊಡಕಿರುವುದು ನರ ಸ್ನಾಯುವನ್ನು ಸೇರುವ ಜಾಗದಲ್ಲಿ. ಅಲ್ಲಿ ನರ ಸುರಿಸುವ ಅಸಿಟೈಲ್‌ಕೋಲಿನ್ ಸ್ನಾಯುವಿನ ಬೀಗಕ್ಕೆ ಸರಿಯಾದ ಕೀಲಿ. ಕ್ಯುರಾರೆ ಒಳಗೆ ತೂರಿಯೂ ತಿರುಗದ ಕೀಲಿ. ಅದು ಕೂತಿರುವಷ್ಟು ಹೊತ್ತು ಸರಿಯಾದದ್ದಕ್ಕೆ ಜಾಗವಿಲ್ಲ.

1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ಕ್ಯುರಾರೆ ಬಳಸಿದರು. ಅದುವರೆಗೆ ಹೊಟ್ಟೆ ಸಡಿಲಾಗಬೇಕೆಂದರೆ ಈಥರ್‌ನಂಥ ಮದ್ದನ್ನು ಅಪಾಯದ ಅಂಚಿನವರೆಗೆ ಏರಿಸಬೇಕಿತ್ತು. ಆ ಕಷ್ಟ ತಪ್ಪಿತು, ಆದರೆ ಹೊಸ ಹೊಣೆ ಬಂತು. ಅಮೆರಿಕದ ವೈದ್ಯ ಸ್ಕಾಟ್ ಸ್ಮಿತ್ ಎಚ್ಚರವಿದ್ದಾಗಲೇ ಕ್ಯುರಾರೆ ಚುಚ್ಚಿಸಿಕೊಂಡರು. ಬೆರಳೂ ಆಡದ ಸ್ಥಿತಿಯಲ್ಲಿ ನಡೆದದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ನೋವೂ ಆಗುತ್ತಿತ್ತು. ಆ ಪ್ರಯೋಗದ ವರದಿ 1947ರಲ್ಲಿ ಪ್ರಕಟವಾಯಿತು. ರೋಗಿ ಅಲುಗದಿದ್ದರೆ ನಿದ್ದೆಯಲ್ಲಿದ್ದಾರೆಂದು ಅರ್ಥವಲ್ಲ. ನಿದ್ದೆಯ ಮದ್ದನ್ನು ಪ್ರತ್ಯೇಕವಾಗಿಯೇ ಅಳೆಯಬೇಕು.

ಇಂದು ಕ್ಯುರಾರೆಯ ಜಾಗದಲ್ಲಿ ರೋಕ್ಯುರೋನಿಯಂ, ವೆಕ್ಯುರೋನಿಯಂ ಇವೆ. ಕೊನೆಗೆ ನಿಯೋಸ್ಟಿಗ್ಮಿನ್ ಕೊಟ್ಟರೆ ಅಸಿಟೈಲ್‌ಕೋಲಿನ್ ಹೆಚ್ಚಿ ಪೈಪೋಟಿಯಲ್ಲಿ ಗೆಲ್ಲುತ್ತದೆ. ಹೊಸದಾದ ಸುಗಮಡೆಕ್ಸ್ ರೋಕ್ಯುರೋನಿಯಂ ಅಣುವನ್ನೇ ಸುತ್ತುವರಿದು ನಿಷ್ಕ್ರಿಯಗೊಳಿಸುತ್ತದೆ. ಸೊಗಸಾದ ರಸಾಯನಶಾಸ್ತ್ರ, ನಿಜ. ಆದರೂ ಅದು ಅಳತೆಗೆ ಬದಲಿಯಲ್ಲ. ಮಣಿಕಟ್ಟಿನ ನರಕ್ಕೆ ನಾಲ್ಕು ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ನಾಲ್ಕನೆಯ ಸಲ ಹೆಬ್ಬೆರಳು ಮೊದಲನೆಯ ಸಲದ ಶೇ 90ರಷ್ಟಾದರೂ ಬಲದಿಂದ ಮಿಡಿಯಿತೇ ಎಂದು ಯಂತ್ರದಲ್ಲಿ ನೋಡಿ ಕೊಳವೆ ತೆಗೆಯುವುದು ಕ್ಷೇಮ. ರೋಗಿ ಕಣ್ಣು ಬಿಟ್ಟು ತಲೆಯೆತ್ತಿದ ಮಾತ್ರಕ್ಕೆ ಗಂಟಲಿನ ಸ್ನಾಯುಗಳು ಪೂರ್ತಿ ಚೇತರಿಸಿಕೊಂಡಿವೆ ಎನ್ನಲಾಗದು. ಅರಿವಳಿಕೆ ಕಲಿಯುವ ಪ್ರತಿಯೊಬ್ಬರಿಗೂ ಹೊಸ ಮದ್ದಿನ ಹೆಸರಿಗಿಂತ ಮೊದಲು ಈ ಅಳತೆ ಕೈವಶವಾಗಬೇಕು.