ಫ್ಲ್ಯಾಟಾ, ಅಂಗಳದ ಮನೆಯಾ?

ಗಲ್ಫ್‌ನಿಂದ ರಜೆಗೆ ಬಂದವರಿಗೆ ಮನೆ ನೋಡಲು ಸಿಗುವುದು ಒಂದೇ ತಿಂಗಳು. ಕಳೆದ ರಜೆಯಲ್ಲಿ ನಾವೂ ಮಂಗಳೂರಲ್ಲೊಂದು ಫ್ಲ್ಯಾಟ್, ಕೊಣಾಜೆ ಕಡೆ ಐದು ಸೆಂಟ್ಸ್ ಜಾಗ ಎರಡನ್ನೂ ನೋಡಿ ಬಂದೆವು. ಉಮ್ಮನಿಗೆ ಬಾವಿ, ಅಂಗಳ ಬೇಕು. ಮದುವೆಗೆ, ಮೌಲೂದಿಗೆ ಜನ ಬಂದರೆ ಎಲ್ಲಿ ಕೂರಿಸುವುದು ಅಂತಾರೆ. ಆದರೆ ಗಂಡಸರು ವಿದೇಶದಲ್ಲಿರುವ ಮನೆಗೆ ಎದುರುಬಾಗಿಲಲ್ಲೇ ನೆರೆಯವರಿರುವ ಫ್ಲ್ಯಾಟೇ ಧೈರ್ಯ. ಮೊಣಕಾಲು ನೋವಿಗೆ ಲಿಫ್ಟ್ ಬೇರೆ. (ಅದು ಕೆಟ್ಟ ದಿನದ ಕತೆ ಕೇಳಬೇಡಿ!)

ಫ್ಲ್ಯಾಟ್ ಆದರೆ ನೆಲದಲ್ಲಿ ನಮ್ಮ ಅವಿಭಜಿತ ಪಾಲು ಎಷ್ಟೆಂದು ಕ್ರಯಪತ್ರದಲ್ಲಿ ನೋಡಬೇಕು. ಕಟ್ಟಡ ಹಳೆಯದಾದಾಗ ಕೈಯಲ್ಲಿ ಉಳಿಯುವುದು ಅದೇ. ಬ್ರೋಕರ್ ಹೇಳಿದ 1,200 ಚದರಡಿಯಲ್ಲಿ ಮೆಟ್ಟಿಲು, ಲಾಬಿಯೂ ಸೇರಿತ್ತು. 2016ರ ರೇರಾ ಕಾಯ್ದೆ ಹೇಳುವುದು ಕಾರ್ಪೆಟ್ ಏರಿಯಾದ ಲೆಕ್ಕ. ಕರಾರು ನೋಂದಣಿಗೆ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಬಿಲ್ಡರ್ ಪಡೆಯುವಂತೆಯೂ ಇಲ್ಲ.

ಜಾಗವಾದರೆ ಭೂಪರಿವರ್ತನೆ, ಋಣಭಾರ ಪತ್ರ, ಪಂಚಾಯತ್‌ನ 9/11 ಕೈಗೆ ಬರಲೇಬೇಕು. ನಾವು ಮೆಚ್ಚಿದ ಜಾಗಕ್ಕೆ 9/11 ಆಗಿರಲಿಲ್ಲ. "ಆಮೇಲೆ ಮಾಡಿಸಿಕೊಡ್ತೇವೆ, ಈಗ ಅಡ್ವಾನ್ಸ್ ಕೊಡಿ" ಅಂದರು. ಹತ್ತು ವರ್ಷದ ದುಡಿಮೆ ಅದು. ಕೊಡದೆ ವಾಪಸಾದೆವು. ಉಮ್ಮ ಇನ್ನೂ ಮುನಿಸಿನಲ್ಲೇ ಇದ್ದಾರೆ.