ರಿವರ್ಸ್ ಗೇರ್ ಬಿದ್ದ ಮೇಲಿನ ಎರಡು ಸೆಕೆಂಡ್

ಅಪ್ಪ ಹಿಂದಕ್ಕೆ ತೆಗೆಯುತ್ತಿದ್ದ ಕಾರಿನಡಿ ಸಿಕ್ಕಿ ಎರಡು ವರ್ಷದ ಕ್ಯಾಮರನ್ ಗುಲ್‌ಬ್ರಾನ್ಸನ್ ತೀರಿಕೊಂಡದ್ದು 2002ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಆ ಮಗುವಿನ ಹೆಸರಿನ ಕಾಯ್ದೆಗೆ 2008ರಲ್ಲಿ ಸಹಿ ಬಿತ್ತು. ಅದರಡಿ ರೂಪುಗೊಂಡ ನಿಯಮ 2018ರ ಮೇ 1ರಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ ಮಾಡಿತು. ರಿವರ್ಸ್ ಗೇರ್ ಬಿದ್ದ 2 ಸೆಕೆಂಡಿನೊಳಗೆ ಪರದೆಯಲ್ಲಿ ಚಿತ್ರ ಮೂಡಬೇಕು.

ಆ ಪರದೆಯ ಹಿಂದಿರುವುದು ಒಂದು ಪುಟ್ಟ ಕಂಪ್ಯೂಟರ್; ಎಷ್ಟೋ ಕಾರುಗಳಲ್ಲಿ ಅದರೊಳಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಕಾರು ಚಾಲೂ ಆದಾಗ ಮೊದಲು ಏಳುವುದು ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರ್, ನಂತರ ಅದರ ತಿರುಳಾದ ಕರ್ನಲ್, ಕಡತಗಳು, ಹತ್ತಾರು ಸೇವೆಗಳು, ಇವೆಲ್ಲ ಎದ್ದ ಮೇಲೆ ಕ್ಯಾಮೆರಾದ ತಂತ್ರಾಂಶ. ತುರ್ತಾಗಿ ಬೇಕಾದದ್ದೇ ಸರದಿಯ ಕಟ್ಟಕಡೆಗೆ ನಿಂತಿದೆ.

ವೇಗದ ಚಿಪ್ ಹಾಕಿದರೆ ಸರಿಹೋದೀತು ಅನ್ನಿಸಬಹುದು. ಆದರೆ ಹೊತ್ತು ಸೋರುವುದು ಬೇರೆ ಕಡೆ. ಯು-ಬೂಟ್ ಎಂಬ ಬೂಟ್‌ಲೋಡರ್, ಯಾರಾದರೂ ಕೀ ಒತ್ತಿ ತಡೆಯಬಹುದೇನೋ ಎಂದು, ನಾವಾಗಿ ಬದಲಿಸದಿದ್ದರೆ 2 ಸೆಕೆಂಡ್ ಸುಮ್ಮನೆ ಕಾಯುತ್ತದೆ. ಪ್ರಯೋಗಾಲಯದಲ್ಲಿ ಅದು ಬೇಕು; ರಸ್ತೆಗಿಳಿದ ಕಾರಿನಲ್ಲಿ ಒತ್ತಲು ಕೀಬೋರ್ಡೇ ಇಲ್ಲ. ಕರ್ನಲ್ ಕೂಡ ತನ್ನ ಒಂದೊಂದು ಹೆಜ್ಜೆಯನ್ನೂ ಸೀರಿಯಲ್ ತಂತಿಗೆ ವರದಿ ಮಾಡುತ್ತದೆ. 1,15,200 ಬಾಡ್ ವೇಗದಲ್ಲಿ ಸೆಕೆಂಡಿಗೆ ಸಾಗುವುದು ಸುಮಾರು 11,500 ಅಕ್ಷರ. ವರದಿ 23,000 ಅಕ್ಷರವಾದರೆ ಮತ್ತೆ 2 ಸೆಕೆಂಡ್ ಹೋಯಿತು. ‘ಕ್ವಯಟ್’ ಎಂಬ ಒಂದು ಸೂಚನೆ ಕೊಟ್ಟರೆ ಬಹುಪಾಲು ಸಂದೇಶಗಳು ತಂತಿಗಿಳಿಯದೆ ಮೆಮೊರಿಯಲ್ಲೇ ಉಳಿಯುತ್ತವೆ.

2008ರಲ್ಲಿ ಇಂಟೆಲ್‌ನ ಆರ್ಯನ್ ವಾನ್ ಡಿ ವೆನ್ ಮತ್ತು ಔಕೆ ಕಾಕ್, ಏಸಸ್‌ನ ಅಗ್ಗದ ಪುಟ್ಟ ಲ್ಯಾಪ್‌ಟಾಪ್ ಒಂದರಲ್ಲಿ ಲಿನಕ್ಸನ್ನು 5 ಸೆಕೆಂಡಿನಲ್ಲಿ ಏಳಿಸಿ ತೋರಿಸಿದರು. ಅವರ ಕ್ರಮ ನನಗೆ ಬಹಳ ಮೆಚ್ಚು. ಅಲ್ಲಿಷ್ಟು ಇಲ್ಲಿಷ್ಟು ಉಳಿಸೋಣ ಎಂದು ಹೊರಡದೆ, 5 ಸೆಕೆಂಡನ್ನು ಮೊದಲೇ ಪಾಲು ಮಾಡಿದರು: ಕರ್ನಲ್‌ಗೆ 1, ಆರಂಭದ ಸೇವೆಗಳಿಗೆ 1, ಗ್ರಾಫಿಕ್ಸ್‌ಗೆ 1, ಡೆಸ್ಕ್‌ಟಾಪ್‌ಗೆ 2. ಹಾಗೆ ಹಂಚಿಟ್ಟರೆ ಪಾಲು ಮೀರಿದ ಭಾಗ ತಾನಾಗಿ ಸಿಕ್ಕಿಬೀಳುತ್ತದೆ.

ಕಾರಿಗೂ ಇದೇ ದಾರಿ. ಹಾಡು, ನಕ್ಷೆ, ಬ್ಲೂಟೂತ್ ನಿಧಾನವಾಗಿ ಏಳಲಿ. ಕೆಲವರು ಕ್ಯಾಮೆರಾವನ್ನು ಲಿನಕ್ಸಿಗಾಗಿ ಕಾಯಿಸುವುದೇ ಇಲ್ಲ. ಅದೇ ಚಿಪ್‌ನ ಸಣ್ಣ ಕೋರ್ ಒಂದಕ್ಕೆ ವಹಿಸಿ, ಲಿನಕ್ಸ್ ಎದ್ದ ಮೇಲೆ ಅದರ ಕೈಗೆ ಕೊಡುತ್ತಾರೆ. ಪೂರ್ತಿ ಆರಿಸದೆ ಮೆಮೊರಿಯನ್ನು ಎಚ್ಚರವಾಗಿಡುವ ಉಪಾಯವೂ ಉಂಟು, ಆದರೆ ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಅದಕ್ಕೆ ಕರಗುತ್ತದೆ.

ಅಮೆರಿಕದ ಪರೀಕ್ಷೆಯಲ್ಲಿ ಚಾಲಕನ ಬಾಗಿಲು ತೆರೆದು 4ರಿಂದ 6 ಸೆಕೆಂಡ್ ಬಿಟ್ಟು ರಿವರ್ಸ್ ಹಾಕುತ್ತಾರೆ; ಕಾರು ಚಾಲೂ ಮಾಡುವುದೂ ಆ ಅವಧಿಯಲ್ಲೇ. ಅಷ್ಟು ಬಿಡುವಿದೆ ಎಂದು ಎಂಜಿನಿಯರುಗಳು ನೆಚ್ಚಿ ಕೂರಬಾರದು. ಲೆಕ್ಕವನ್ನು ಕೀಲಿ ತಿರುಗಿದ ಕ್ಷಣದಿಂದಲೇ ಹಿಡಿಯಬೇಕು. ಬೆಳಗಿನ ಅವಸರದಲ್ಲಿ ಮನೆ ಬಿಡುವ ಚಾಲಕ ಆ 4 ಸೆಕೆಂಡ್ ಕಾಯುವುದಿಲ್ಲ.