ಎರಡು ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟಾಗ

'ಟೀಮ್ ಔಟಿಂಗ್' ಎಂಬ ಮೇಲ್ ಬಂದ ಕೂಡಲೇ ಆಫೀಸಿನಲ್ಲಿ ಮೂರು ಬಣಗಳು ಹುಟ್ಟಿಕೊಳ್ಳುತ್ತವೆ. ರೆಸಾರ್ಟ್‌ನಲ್ಲಿ ಈಜುಕೊಳ ಇದೆಯಾ ಎಂದು ಕೇಳುವವರದು ಒಂದು. 'ಈ ದುಡ್ಡನ್ನು ಇನ್‌ಕ್ರಿಮೆಂಟ್‌ಗೆ ಸೇರಿಸಬಾರದಿತ್ತೇ' ಎನ್ನುವವರದು ಇನ್ನೊಂದು. ಮೂರನೆಯದು ನಮ್ಮಂಥವರದು. ಶುಕ್ರವಾರ ರಾತ್ರಿ ಪುಣೆಯಲ್ಲಿ ಬಸ್ಸು ಹತ್ತಿ, ಬೆಳಗ್ಗೆ ಹುಬ್ಬಳ್ಳಿಯಲ್ಲಿಳಿದು, ಭಾನುವಾರ ರಾತ್ರಿ ಮತ್ತೆ ಚೀಲ ಹೆಗಲಿಗೇರಿಸುವವರದು. ನಮಗೆ ವಾರಾಂತ್ಯ ಹೋದರೆ ಊರೇ ಹೋದಂತೆ.

ಮೂರೂ ಬಣದವರ ಮಾತಿನಲ್ಲಿ ಸತ್ಯವಿದೆ. ಆದರೂ ಕಳೆದ ಮಳೆಗಾಲದಲ್ಲಿ ಲೋನಾವಳಕ್ಕೆ ಹೋಗಿ ಬಂದ ನಂತರ ನಮ್ಮ ತಂಡ ಬದಲಾದ ರೀತಿ ನೋಡಿದ ಮೇಲೆ, ಔಟಿಂಗ್ ಅಂದರೆ ಕಂಪನಿ ಖರ್ಚಿನ ಮೋಜು ಅಷ್ಟೇ ಎಂದು ನನಗೆ ಅನ್ನಿಸುತ್ತಿಲ್ಲ.

ನಮ್ಮದು 13 ಜನರ ತಂಡ. 8 ಮಂದಿ ಪುಣೆಯ ಹಿಂಜವಡಿಯಲ್ಲಿ, 5 ಮಂದಿ ಹೈದರಾಬಾದಿನಲ್ಲಿ. ಕೋವಿಡ್ ಬಳಿಕ ಸೇರಿದವರೇ ಹೆಚ್ಚು. ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆಫ್. ಹೆಸರಿನ ಮೊದಲ ಅಕ್ಷರ ಬರೆದ ಬಣ್ಣದ ವೃತ್ತಗಳ ಜೊತೆಗೇ ಎರಡು ವರ್ಷ ಕೆಲಸ ಮಾಡಿದ್ದೆವು. ಏನಾದರೂ ಕೆಟ್ಟರೆ ಟಿಕೆಟ್ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುತ್ತಿತ್ತು. 'ನಮ್ಮ ಕಡೆ ಎಲ್ಲ ಸರಿ ಇದೆ' ಎಂಬುದೇ ಎರಡೂ ಊರಿನ ಉತ್ತರ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಮುಗಿಯುವುದು ಮೂರು ದಿನ ಎಳೆಯುತ್ತಿತ್ತು. ಈ ಜಗ್ಗಾಟ ಸಾಕಾಗಿ ಇಬ್ಬರು ಒಳ್ಳೆಯ ಎಂಜಿನಿಯರ್‌ಗಳು ಬೇರೆ ಕಂಪನಿ ನೋಡಿಕೊಂಡಿದ್ದರು.

ಲೋನಾವಳದಲ್ಲಿ ಎಚ್‌ಆರ್‌ನವರು ಆಡಿಸಿದ ಆಟಗಳು ಈಗ ಯಾರಿಗೂ ನೆನಪಿಲ್ಲ. ನೆನಪಿರುವುದು ಯಾರೂ ಯೋಜಿಸದ ಹೊತ್ತು. ಮೊದಲ ರಾತ್ರಿ ಜೋರು ಮಳೆಗೆ ಕರೆಂಟ್ ಹೋಯಿತು. ಟಿವಿ ಇಲ್ಲ, ಮೊಬೈಲ್‌ಗೆ ನೆಟ್‌ವರ್ಕ್ ಇಲ್ಲ. ಬಂಗಲೆಯ ಜಗುಲಿಯಲ್ಲಿ ಬಿಸಿ ಕಾಂದಾ ಭಜಿ ತಿನ್ನುತ್ತ ಎಲ್ಲರೂ ಕೂತೆವು.

ಹೈದರಾಬಾದಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಅವರ ಮೆಸೇಜ್‌ಗಳು ಎರಡು ಪದ ಮೀರುತ್ತಿರಲಿಲ್ಲ: 'ನಾಟ್ ಪಾಸಿಬಲ್', 'ಚೆಕ್ ಲಾಗ್ಸ್'. ಪುಣೆಯಲ್ಲಿ ಅವರಿಗೆ ಜಂಬದ ಮನುಷ್ಯ ಎಂಬ ಹೆಸರು ಬಿದ್ದಿತ್ತು. ಆ ಕತ್ತಲಲ್ಲಿ ಅವರೇ ಹೇಳಿಕೊಂಡರು. ಓದಿದ್ದು ಮಹಬೂಬ್‌ನಗರ ಕಡೆಯ ಹಳ್ಳಿಯ ತೆಲುಗು ಮಾಧ್ಯಮ ಶಾಲೆಯಲ್ಲಿ. ಇಂಗ್ಲಿಷಿನಲ್ಲಿ ಉದ್ದ ಬರೆದರೆ ಎಲ್ಲಿ ತಪ್ಪಾಗುತ್ತದೋ, ಎಲ್ಲಿ ಹತ್ತು ಜನರ ಮುಂದೆ ನಗೆಪಾಟಲಾಗುತ್ತದೋ ಎಂಬ ಅಳುಕು. ಅದಕ್ಕೇ ಎರಡು ಪದ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಆ ಅಳುಕನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವರ ಅಕ್ಕನನ್ನು ರಾಯಚೂರಿಗೆ ಕೊಟ್ಟಿದ್ದಾರಂತೆ. ರಜೆಯಲ್ಲಿ ಅಲ್ಲಿಗೆ ಹೋಗಿ ಹೋಗಿ ಒಂದಷ್ಟು ಕನ್ನಡವೂ ಬರುತ್ತದೆ. ಎರಡು ವರ್ಷ ಒಂದೇ ಪ್ರಾಜೆಕ್ಟ್‌ನಲ್ಲಿದ್ದರೂ ಇಷ್ಟು ತಿಳಿಯಲು ಕರೆಂಟ್ ಹೋಗಬೇಕಾಯಿತು.

ಮರುದಿನ ಬೆಳಗ್ಗೆ ಹತ್ತಿರದ ಕಾರ್ಲಾ ಗುಹೆಗಳಿಗೆ ಮೆಟ್ಟಿಲು ಹತ್ತಿದೆವು. ಸುಮಾರು 2000 ವರ್ಷ ಹಳೆಯ ಬೌದ್ಧ ಚೈತ್ಯಗೃಹ ಅದು. ಅಲ್ಲಿನ ಗೋಡೆ, ಕಂಬಗಳ ಮೇಲೆ ದಾನಿಗಳ ಹೆಸರುಗಳು ಬ್ರಾಹ್ಮೀ ಲಿಪಿಯಲ್ಲಿವೆ. ಕಂಬ ಕೊಟ್ಟವರಲ್ಲಿ ಯವನರಿದ್ದಾರೆ. ಬಾಗಿಲಿನ ಕೆಲಸಕ್ಕೆ ಒಬ್ಬ ಬಡಗಿಯ, ಒಬ್ಬ ಸುಗಂಧ ವ್ಯಾಪಾರಿಯ ಹೆಸರಿದೆ. ಈ ಶಿಲಾಗೃಹವನ್ನು ನಿರ್ಮಿಸಿ ಮುಗಿಸಿದವನು ವೈಜಯಂತಿಯ ಭೂತಪಾಲ ಎಂಬ ಶೆಟ್ಟಿ ಎಂದು ಒಂದು ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇದನ್ನು ಹೇಳಿದ್ದೇ ತಡ, ಬನವಾಸಿ ಎಲ್ಲಿದೆ, ಹೇಗೆ ಹೋಗಬೇಕು ಎಂದು ನಾಲ್ಕು ಮಂದಿ ಸುತ್ತುವರಿದರು. ಇಳಿದು ಬರುವಾಗ ಎಲ್ಲರ ಬಾಯಲ್ಲೂ ಅವರವರ ಊರಿನ ಸುದ್ದಿ. ಮನುಷ್ಯನಿಗೊಂದು ಊರಿದೆ ಎಂದು ಗೊತ್ತಾದ ಮೇಲೆ ಅವನು ಪರದೆಯ ಮೇಲಿನ ಬಣ್ಣದ ವೃತ್ತವಾಗಿ ಉಳಿಯುವುದಿಲ್ಲ.

ಇದರ ಫಲ ಕಂಡದ್ದು ಮೂರು ವಾರಗಳ ನಂತರ. ರಾತ್ರಿ ಒಂದೂವರೆಗೆ ಗ್ರಾಹಕರ ಪೇಮೆಂಟ್‌ಗಳು ಸಿಕ್ಕಿಹಾಕಿಕೊಂಡವು. ಹಿಂದೆಯಾಗಿದ್ದರೆ ಟಿಕೆಟ್ ಯಾತ್ರೆ ಶುರುವಾಗುತ್ತಿತ್ತು. ಈ ಸಲ ಡ್ಯೂಟಿಯಲ್ಲಿದ್ದವಳು, ಸೇರಿ ಎಂಟು ತಿಂಗಳಷ್ಟೇ ಆಗಿದ್ದ ನಾಗಪುರದ ಹುಡುಗಿ, ನೇರವಾಗಿ ಹೈದರಾಬಾದಿನ ಹಿರಿಯರಿಗೆ ಫೋನ್ ಮಾಡಿದಳು. 'ಸಂಜೆ ನಾನೇ ಒಂದು ಇಂಡೆಕ್ಸ್ ಬದಲಿಸಿದ್ದೆ, ಅದೇ ಇರಬೇಕು, ತಾಳಮ್ಮ' ಎಂದರು ಅವರು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. 'ನಾನೇ ಬದಲಿಸಿದ್ದೆ' ಎಂಬ ಮಾತು ಅದುವರೆಗೆ ನಮ್ಮ ತಂಡದಲ್ಲಿ ಕೇಳಿಬಂದಿರಲಿಲ್ಲ.

ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿದಾಗ ವಿಚಿತ್ರವೊಂದು ಕಂಡಿತು. ಒಳ್ಳೆಯ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಉಳಿದೆಡೆ ಬಾಯಿ ಬಿಡುತ್ತಿರಲಿಲ್ಲ. ಹೆದರದೆ ಮಾತಾಡಬಹುದೆಂಬ ಈ ಭರವಸೆಯ ಮೇಲೆಯೇ ತಂಡ ಕಲಿಯುತ್ತದೆ ಎಂದು ಅವರು 1999ರ ಪ್ರಬಂಧದಲ್ಲಿ ತೋರಿಸಿದರು. ನಮ್ಮ ಕ್ಷೇತ್ರದ ಉದಾಹರಣೆಯೂ ಇದೆ. ನಾವು ದಿನವೂ ಜಪಿಸುವ 'ಅಜೈಲ್' ಪ್ರಣಾಳಿಕೆ ಯಾವ ಕಂಪನಿಯ ಆಫೀಸಿನಲ್ಲೂ ಹುಟ್ಟಲಿಲ್ಲ. 2001ರ ಫೆಬ್ರುವರಿಯಲ್ಲಿ 17 ಮಂದಿ ಸಾಫ್ಟ್‌ವೇರ್ ಪರಿಣತರು ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ರೆಸಾರ್ಟ್‌ನಲ್ಲಿ ಸೇರಿ ಬರೆದದ್ದು ಅದು. ಪ್ರಕ್ರಿಯೆ ಮತ್ತು ಸಲಕರಣೆಗಳಿಗಿಂತ ಜನ ಮತ್ತು ಅವರ ನಡುವಿನ ಒಡನಾಟ ದೊಡ್ಡದು ಎಂಬುದೇ ಅದರ ಮೊದಲ ಸೂತ್ರ.

ಹಾಗೆಂದು ಎಲ್ಲ ಔಟಿಂಗ್‌ಗಳೂ ಫಲ ಕೊಡುವುದಿಲ್ಲ. ನಮ್ಮದು ಗುರುವಾರ, ಶುಕ್ರವಾರ ನಡೆದದ್ದರಿಂದ ಊರಿಗೆ ಹೋಗುವವರ ವಾರಾಂತ್ಯ ಉಳಿಯಿತು. ಚಿಕ್ಕ ಮಕ್ಕಳಿರುವ ಇಬ್ಬರು ಮೊದಲ ದಿನವೇ ಸಂಜೆ ಲೋಕಲ್ ರೈಲಿನಲ್ಲಿ ಪುಣೆಗೆ ಮರಳಿದರು, ಯಾರೂ ಕೊಂಕು ನುಡಿಯಲಿಲ್ಲ. ಗುಂಡು ಪಾರ್ಟಿ ಇರಲಿಲ್ಲ, ಹಾಗಾಗಿ ಕುಡಿಯದವರು ಮೂಲೆ ಸೇರಲಿಲ್ಲ. ಪ್ರಾಜೆಕ್ಟ್ ಸ್ಲೈಡ್‌ಗಳನ್ನು ಮ್ಯಾನೇಜರ್ ಆಫೀಸಿನಲ್ಲೇ ಬಿಟ್ಟು ಬಂದಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಸಂಬಳ, ಬಡ್ತಿಯ ಅಸಮಾಧಾನಕ್ಕೆ ಔಟಿಂಗ್ ಮದ್ದಲ್ಲ. ಒಳಗೊಳಗೇ ಕೆಲಸದಿಂದ ತೆಗೆಯುವವರ ಪಟ್ಟಿ ತಯಾರಾಗುತ್ತಿರುವಾಗ ಹೊರಗೆ ಬಲೂನ್ ಒಡೆಸಿದರೆ ಇದ್ದಬದ್ದ ನಂಬಿಕೆಯೂ ಒಡೆಯುತ್ತದೆ.

ಹೊರರಾಜ್ಯದಲ್ಲಿರುವ ನಮಗೆ ಇದರಲ್ಲಿ ಇನ್ನೂ ಒಂದು ಲಾಭವಿದೆ. ಮಧ್ಯರಾತ್ರಿ ಮಗುವಿಗೆ ಜ್ವರ ಏರಿದರೆ ಅಜ್ಜ, ಅಜ್ಜಿ, ಮಾವ ಎಲ್ಲರೂ ನೂರಾರು ಕಿಲೋಮೀಟರ್ ದೂರ. ಗಾಡಿ ತೆಗೆದುಕೊಂಡು ಬರಬಲ್ಲವರು ಪಕ್ಕದ ಮೇಜಿನವರೇ. ಆದರೆ ಆ ಹೊತ್ತಿನಲ್ಲಿ ಫೋನ್ ಮಾಡುವಷ್ಟು ಸಲಿಗೆ ಮೊದಲೇ ಬೆಳೆದಿರಬೇಕಲ್ಲ? ಔಟಿಂಗ್‌ಗೆ ಹೊರಟಾಗ ಬಸ್ಸಿನಲ್ಲಿ ಕನ್ನಡ ಬಲ್ಲವರ ಪಕ್ಕವೇ ಜಾಗ ಹುಡುಕುವುದು ನಮ್ಮೆಲ್ಲರ ಅಭ್ಯಾಸ. ಬರುವಾಗ ಹಾಗೇ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಹೋಗುವಾಗ ಮಾತ್ರ, ಇದುವರೆಗೆ ಟಿಕೆಟ್‌ನಲ್ಲಷ್ಟೇ ಹೆಸರು ನೋಡಿದವರ ಪಕ್ಕ ಕೂತು, 'ನಿಮ್ಮೂರು ಯಾವುದು' ಎಂದು ಕೇಳಿ ನೋಡಿ.